ಸಂತಾನ ಮಿತಿ: ಲೆಕ್ಕ, ಬಲವಂತ ಮತ್ತು ಒಪ್ಪಿಗೆ

ಮಹಾನಗರದ ಲೋಕಲ್ ರೈಲಿನಲ್ಲಿ ಬೆಳಗಿನ ಒಂಬತ್ತು ಗಂಟೆಯ ಹೊತ್ತಿಗೆ ಉಸಿರಾಡಲೂ ಎಡೆಯಿಲ್ಲದಂತೆ ನಿಂತಿರುವ ಪ್ರಯಾಣಿಕರ ಬಾಯಲ್ಲಿ ಒಂದು ಮಾತು ಪದೇ ಪದೇ ಕೇಳಿಬರುತ್ತದೆ: “ಈ ದೇಶದ ಸಕಲ ಕಷ್ಟಗಳಿಗೂ ಜನಸಂಖ್ಯೆಯೇ ಮೂಲ. ಸರಕಾರ ಕಟ್ಟುನಿಟ್ಟಾದ ಕಾನೂನು ಮಾಡದ ಹೊರತು ಉದ್ಧಾರವಿಲ್ಲ.” ನೀರಿನ ಸರದಿಯಲ್ಲಿ, ಶಾಲೆಯ ಪ್ರವೇಶದ ಸಾಲಿನಲ್ಲಿ, ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಇದೇ ಮಾತು. ಹೇಳುವವರು ಸುಶಿಕ್ಷಿತರು, ಸದುದ್ದೇಶವುಳ್ಳವರು. ಆದರೆ ಈ ಮಾತಿನಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಜನಸಂಖ್ಯೆ ಹೇಗೆ ಬೆಳೆಯುತ್ತದೆ ಎಂಬುದು ಲೆಕ್ಕದ ಪ್ರಶ್ನೆ. ಅದನ್ನು ತಡೆಯಲು ಸರಕಾರ ಎಷ್ಟು ದೂರ ಹೋಗಬಹುದು ಎಂಬುದು ನ್ಯಾಯದ ಪ್ರಶ್ನೆ. ಎರಡನ್ನೂ ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ.

ಗುಂಪು ಮತ್ತು ಸಂತಾನ

ಮೊದಲಿಗೆ ಒಂದು ಭ್ರಮೆಯನ್ನು ದೂರ ಮಾಡಿಕೊಳ್ಳಬೇಕು. ಬೃಹನ್ಮುಂಬಯಿಯ ಜನಸಂಖ್ಯೆ 1951ರಲ್ಲಿ ಸುಮಾರು 30 ಲಕ್ಷವಿದ್ದುದು 2011ರಲ್ಲಿ 1 ಕೋಟಿ 24 ಲಕ್ಷವಾಯಿತು. ಈ ಏರಿಕೆಯ ದೊಡ್ಡ ಪಾಲು ಹೊರಗಿನಿಂದ ಬಂದು ನೆಲೆಸಿದವರದು ಮತ್ತು ಅವರ ಮಕ್ಕಳದು. ಉಡುಪಿಯಿಂದ ಹೋಟೆಲಿನ ಕೆಲಸಕ್ಕೆ ಬಂದ ಹುಡುಗ, ಮಂಗಳೂರಿನಿಂದ ಬ್ಯಾಂಕಿನ ಗುಮಾಸ್ತೆಯ ಹುದ್ದೆಗೆ ಬಂದ ಪದವೀಧರ, ಕಲಬುರಗಿ, ವಿಜಯಪುರಗಳಿಂದ ಕಟ್ಟಡದ ಕೆಲಸಕ್ಕೆ ಬಂದ ಕುಟುಂಬ, ಇವರೆಲ್ಲರೂ ಆ ಲೆಕ್ಕದಲ್ಲಿ ಸೇರಿದ್ದಾರೆ. ರೈಲಿನ ಗುಂಪನ್ನು ಕಂಡು ಬೇಸರಿಸುವ ಕನ್ನಡಿಗ ತಾನೂ ಆ ಗುಂಪಿನ ಒಂದು ಅಂಕಿ ಎಂಬುದನ್ನು ಮರೆಯುವಂತಿಲ್ಲ. ಅಷ್ಟೇ ಅಲ್ಲ, 2001ರಿಂದ 2011ರ ಅವಧಿಯಲ್ಲಿ ಮುಂಬಯಿಯ ದ್ವೀಪನಗರ ಭಾಗದ ಜನಸಂಖ್ಯೆ 33 ಲಕ್ಷದಿಂದ 31 ಲಕ್ಷದಷ್ಟಕ್ಕೆ ಇಳಿಯಿತು. ರೈಲಿನ ಗುಂಪು ಮಾತ್ರ ಇಳಿಯಲಿಲ್ಲ. ಏಕೆಂದರೆ ಮನೆ ದೂರಕ್ಕೆ ಸರಿಯಿತು, ಉದ್ಯೋಗ ಅಲ್ಲಿಯೇ ಉಳಿಯಿತು. ನಗರದ ಇಕ್ಕಟ್ಟಿಗೆ ವಸತಿ, ಸಾರಿಗೆ, ಉದ್ಯೋಗಗಳ ಹಂಚಿಕೆಯೂ ಕಾರಣ. ತೊಟ್ಟಿಲುಗಳ ಸಂಖ್ಯೆಯೊಂದೇ ಕಾರಣವಲ್ಲ.

ಚಕ್ರಬಡ್ಡಿಯ ನ್ಯಾಯ

ಹಾಗೆಂದು ಜನಸಂಖ್ಯೆಯ ಬೆಳವಣಿಗೆ ಸಣ್ಣ ವಿಷಯವೇನಲ್ಲ. ಅದು ಬೆಳೆಯುವ ರೀತಿ ಚಕ್ರಬಡ್ಡಿಯಂತೆ. ಚಕ್ರಬಡ್ಡಿಯಲ್ಲಿ ಠೇವಣಿ ಎಷ್ಟು ವರ್ಷಗಳಲ್ಲಿ ಇಮ್ಮಡಿಯಾಗುತ್ತದೆ ಎಂದು ತಿಳಿಯಲು 72ನ್ನು ಬಡ್ಡಿಯ ದರದಿಂದ ಭಾಗಿಸುವ ಸುಲಭ ಸೂತ್ರ ಎಲ್ಲರಿಗೂ ಪರಿಚಿತ. 1961ರಿಂದ 1971ರ ದಶಕದಲ್ಲಿ ಭಾರತದ ಜನಸಂಖ್ಯೆ ವರ್ಷಕ್ಕೆ ಶೇಕಡಾ 2.2ರಂತೆ ಬೆಳೆಯಿತು. 72ನ್ನು 2.2ರಿಂದ ಭಾಗಿಸಿದರೆ ಸುಮಾರು 33 ವರ್ಷ. 1971ರ 54.8 ಕೋಟಿ 2001ರಲ್ಲಿ 102.9 ಕೋಟಿಯಾಗಿ, ಅದೇ ದಶಕದ ನಡುವೆ ಇಮ್ಮಡಿಯ ಗಡಿಯನ್ನು ದಾಟಿತು. ಸೂತ್ರ ಸುಳ್ಳಾಗಲಿಲ್ಲ.

ಈ ಏರಿಕೆಗೆ ಜನರು ಹಿಂದಿಗಿಂತ ಹೆಚ್ಚು ಮಕ್ಕಳನ್ನು ಹೆತ್ತದ್ದು ಕಾರಣವಲ್ಲ. ಹುಟ್ಟಿದ ಮಕ್ಕಳು ಬದುಕಿ ಉಳಿದದ್ದು ಕಾರಣ. ಪ್ಲೇಗು, ಸಿಡುಬು, ಮಲೇರಿಯಾ, ಕ್ಷಾಮಗಳು ಹಿಂದೆ ಸರಿದಂತೆ ಮರಣ ಪ್ರಮಾಣ ಮೊದಲು ಇಳಿಯಿತು. ಜನನ ಪ್ರಮಾಣ ಬಹಳ ತಡವಾಗಿ ಇಳಿಯಿತು. ನಡುವಿನ ಅವಧಿಯಲ್ಲಿ ಜಮೆ ಹೆಚ್ಚಾಗಿ ಖರ್ಚು ಕಡಿಮೆಯಾದ ಖಾತೆಯಂತೆ ಮೊತ್ತ ಬೆಳೆಯುತ್ತಾ ಹೋಯಿತು.

ಇಲ್ಲಿ ತಿಳಿಯಬೇಕಾದ ಇನ್ನೊಂದು ಅಂಕಿ ಒಟ್ಟು ಫಲವಂತಿಕೆಯ ದರ. ಒಬ್ಬ ಸ್ತ್ರೀ ತನ್ನ ಜೀವಿತದಲ್ಲಿ ಹೆರಬಹುದಾದ ಮಕ್ಕಳ ಸರಾಸರಿ ಸಂಖ್ಯೆಯೇ ಇದು. ಈ ದರ 2.1ಕ್ಕೆ ಇಳಿದರೆ ಒಂದು ಪೀಳಿಗೆ ತನ್ನ ಸ್ಥಾನವನ್ನು ಮಾತ್ರ ತುಂಬುತ್ತದೆ. ಎರಡರ ಮೇಲೆ ಆ ದಶಮಾಂಶ ಒಂದು ಏಕೆಂದರೆ, ಕೆಲವು ಮಕ್ಕಳು ಪ್ರಾಯಕ್ಕೆ ಬರುವ ಮುನ್ನವೇ ತೀರಿಕೊಳ್ಳುತ್ತಾರೆ, ಮತ್ತು ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳು ತುಸು ಹೆಚ್ಚು ಹುಟ್ಟುತ್ತಾರೆ. ಆದರೆ ದರ 2.1ಕ್ಕೆ ಇಳಿದ ದಿನವೇ ಜನಸಂಖ್ಯೆ ನಿಲ್ಲುವುದಿಲ್ಲ. ಹಿಂದಿನ ದಶಕಗಳಲ್ಲಿ ಹುಟ್ಟಿದ ದೊಡ್ಡ ಸಂಖ್ಯೆಯ ಹೆಣ್ಣುಮಕ್ಕಳು ತಾಯಂದಿರಾಗುವ ವಯಸ್ಸಿಗೆ ಬಂದಿರುತ್ತಾರೆ. ಒಬ್ಬೊಬ್ಬರೂ ಇಬ್ಬರನ್ನೇ ಹೆತ್ತರೂ ಒಟ್ಟು ಮೊತ್ತ ಇನ್ನೂ ಕೆಲವು ದಶಕ ಏರುತ್ತದೆ. ಹೊಸ ಠೇವಣಿ ನಿಂತರೂ ಹಳೆಯ ಠೇವಣಿಯ ಬಡ್ಡಿ ಸೇರುತ್ತಿರುವಂತೆ ಇದು.

ಮೈಸೂರು, ಮುಂಬಯಿ, ರಾಮನಗರ

ಜನಸಂಖ್ಯೆ ಆಹಾರಕ್ಕಿಂತ ವೇಗವಾಗಿ ಬೆಳೆಯುತ್ತದೆ ಎಂಬ ವಾದವನ್ನು 1798ರಲ್ಲಿ ಮಂಡಿಸಿದವನು ಇಂಗ್ಲೆಂಡಿನ ಥಾಮಸ್ ಮಾಲ್ಥಸ್. ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳಾಗಿ ಭಾರತಕ್ಕೆ ಬರುವ ತರುಣರಿಗೆ ಹೇಲಿಬರಿಯ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿದವನೂ ಅವನೇ. ಕ್ಷಾಮವನ್ನು ಜನಬಾಹುಳ್ಯದ ಸಹಜ ಫಲವೆಂದು ಕಾಣುವ ದೃಷ್ಟಿ ಆಡಳಿತದಲ್ಲಿ ಬೇರೂರಲು ಇಂಥ ಶಿಕ್ಷಣವೂ ಕಾರಣವಾಯಿತು.

ಭಾರತದಲ್ಲಿ ಸಂತಾನ ನಿಯಂತ್ರಣದ ಚಳವಳಿ ಮಾತ್ರ ಬೇರೆ ಬೇರಿನಿಂದ ಹುಟ್ಟಿತು. ಮಹರ್ಷಿ ಧೋಂಡೋ ಕೇಶವ ಕರ್ವೆಯವರ ಪುತ್ರ ರಘುನಾಥ ಕರ್ವೆ ಮುಂಬಯಿಯಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದರು. 1921ರಲ್ಲಿ ಅವರು ಅಲ್ಲಿ ಸಂತಾನ ನಿಯಂತ್ರಣದ ಸಲಹಾ ಕೇಂದ್ರವನ್ನು ತೆರೆದರು. ಮೇಲಿಂದ ಮೇಲೆ ಹೆರಿಗೆಯಾಗಿ ಬಳಲುವ ಸ್ತ್ರೀಯ ಆರೋಗ್ಯ ಅವರ ಚಿಂತೆಯಾಗಿತ್ತು. ಈ ಕಾರ್ಯಕ್ಕಾಗಿ ಅವರು ಉದ್ಯೋಗವನ್ನೇ ಕಳೆದುಕೊಂಡರು. 1927ರಲ್ಲಿ ಆರಂಭಿಸಿದ “ಸಮಾಜ ಸ್ವಾಸ್ಥ್ಯ” ಮಾಸಿಕವನ್ನು 1953ರಲ್ಲಿ ತಾವು ತೀರಿಕೊಳ್ಳುವವರೆಗೂ ನಡೆಸಿದರು. ಅಶ್ಲೀಲತೆಯ ಆಪಾದನೆಯ ಮೊಕದ್ದಮೆಯಲ್ಲಿ ಅವರ ಪರವಾಗಿ ವಾದಿಸಿದವರು ಡಾ. ಬಿ. ಆರ್. ಅಂಬೇಡ್ಕರ್.

ಕನ್ನಡಿಗರು ಹೆಮ್ಮೆಯಿಂದ ನೆನೆಯಬೇಕಾದ ಸಂಗತಿಯೊಂದು ಇಲ್ಲಿದೆ. 1930ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದಾಗ, ಮೈಸೂರು ಸಂಸ್ಥಾನವು ಬೆಂಗಳೂರು ಮತ್ತು ಮೈಸೂರುಗಳ ಸರಕಾರೀ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳಿಗೆ ಮಂಜೂರಾತಿ ನೀಡಿತು. ಸರಕಾರವೇ ಮುಂದೆ ನಿಂತು ಇಂಥ ಕೇಂದ್ರಗಳನ್ನು ತೆರೆದದ್ದು ಜಗತ್ತಿನಲ್ಲಿಯೇ ಮೊದಲೆಂದು ಹೇಳಲಾಗುತ್ತದೆ. ಅಲ್ಲಿ ಗುರಿಯಿರಲಿಲ್ಲ, ದಂಡವಿರಲಿಲ್ಲ. ಬಯಸಿ ಬಂದವರಿಗೆ ಸಲಹೆ ದೊರೆಯುತ್ತಿತ್ತು.

ಭಿನ್ನಾಭಿಪ್ರಾಯವೂ ಆಗಲೇ ಇತ್ತು. 1935ರಲ್ಲಿ ಅಮೆರಿಕದ ಮಾರ್ಗರೆಟ್ ಸ್ಯಾಂಗರ್ ವಾರ್ಧಾದಲ್ಲಿ ಗಾಂಧೀಜಿಯವರನ್ನು ಕಂಡು ಕೃತಕ ಸಾಧನಗಳ ಪರವಾಗಿ ವಾದಿಸಿದರು. ಗಾಂಧೀಜಿಯವರು ಮಿತ ಸಂತಾನವನ್ನು ಒಪ್ಪಿದರೂ ಅದಕ್ಕೆ ಸಂಯಮವೇ ಹಾದಿ ಎಂಬ ನಿಲುವನ್ನು ಬಿಡಲಿಲ್ಲ.

ಸ್ವಾತಂತ್ರ್ಯದ ಅನಂತರ ಈ ಕಾರ್ಯಕ್ಕೆ ಸಂಸ್ಥೆಯ ರೂಪ ಕೊಟ್ಟವರು ಹುಬ್ಬಳ್ಳಿಯಲ್ಲಿ ಹುಟ್ಟಿ ಬೆಳೆದ ಧನವಂತಿ ರಾಮರಾವ್. ರಿಸರ್ವ್ ಬ್ಯಾಂಕಿನ ಗವರ್ನರಾಗಿದ್ದ ಸರ್ ಬೆನಗಲ್ ರಾಮರಾಯರ ಪತ್ನಿಯಾದ ಇವರು 1949ರಲ್ಲಿ ಮುಂಬಯಿಯಲ್ಲಿ ಭಾರತೀಯ ಕುಟುಂಬ ಯೋಜನಾ ಸಂಘವನ್ನು ಸ್ಥಾಪಿಸಿದರು. 1952ರಲ್ಲಿ ಮುಂಬಯಿಯಲ್ಲಿಯೇ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಕುಟುಂಬ ಯೋಜನೆಯ ಜಾಗತಿಕ ಒಕ್ಕೂಟ ರೂಪುಗೊಂಡಿತು.

ಗುರಿಗಳ ಕಾಲ

ಅದೇ 1952ರಲ್ಲಿ ಭಾರತ ಸರಕಾರವು ಕುಟುಂಬ ಯೋಜನೆಯನ್ನು ರಾಷ್ಟ್ರೀಯ ಕಾರ್ಯಕ್ರಮವಾಗಿ ಸ್ವೀಕರಿಸಿತು. ಜಗತ್ತಿನ ಯಾವ ದೇಶವೂ ಅದುವರೆಗೆ ಹೀಗೆ ಮಾಡಿರಲಿಲ್ಲ. ಮೊದಲನೆಯ ಪಂಚವಾರ್ಷಿಕ ಯೋಜನೆಯಲ್ಲಿ ಇದಕ್ಕಾಗಿ 65 ಲಕ್ಷ ರೂಪಾಯಿ ತೆಗೆದಿರಿಸಲಾಯಿತು. ಅದರಲ್ಲಿ ಕಾಲುಭಾಗವೂ ಖರ್ಚಾಗಲಿಲ್ಲ. ಗಾಂಧೀವಾದಿಯಾಗಿದ್ದ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಅವರು ಸುರಕ್ಷಿತ ದಿನಗಳ ಪದ್ಧತಿಗೆ ಒಲವು ತೋರಿದ್ದರಿಂದ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಎರಡು ಕಡೆ ಅದರ ಪ್ರಯೋಗ ನಡೆಯಿತು. ಒಂದು ದಿಲ್ಲಿಯ ಲೋದಿ ಕಾಲೊನಿ, ಮತ್ತೊಂದು ಮೈಸೂರು ರಾಜ್ಯದ ರಾಮನಗರ. ದಿನಗಳನ್ನು ಎಣಿಸಲು ಮಹಿಳೆಯರಿಗೆ ಬಣ್ಣದ ಮಣಿಗಳ ಸರವನ್ನು ಕೊಡಲಾಯಿತು. ಮನೆಗೆಲಸ, ಹೊಲಗೆಲಸಗಳ ನಡುವೆ ದಿನಕ್ಕೊಂದು ಮಣಿ ಸರಿಸುವ ಲೆಕ್ಕ ನಿಲ್ಲಲಿಲ್ಲ. ಪ್ರಯೋಗದಿಂದ ಹೇಳಿಕೊಳ್ಳುವಂಥ ಫಲ ದೊರೆಯಲಿಲ್ಲ. ಆದರೆ ಅದೇ ಕಾಲದಲ್ಲಿ ಸಂಯುಕ್ತ ರಾಷ್ಟ್ರ ಸಂಸ್ಥೆ ಮತ್ತು ಭಾರತ ಸರಕಾರ ಕೂಡಿ ನಡೆಸಿದ ಮೈಸೂರು ಜನಸಂಖ್ಯಾ ಅಧ್ಯಯನವು, ಸಂತಾನವನ್ನು ಮಿತಗೊಳಿಸುವ ಬಗೆಗೆ ತಿಳಿಯುವ ಆಸಕ್ತಿ ಸಾಮಾನ್ಯ ದಂಪತಿಗಳಲ್ಲಿ ಇದೆ ಎಂಬುದನ್ನು ತೋರಿಸಿಕೊಟ್ಟಿತು.

ಅರವತ್ತರ ದಶಕದಲ್ಲಿ ಬರಗಾಲ, ಆಹಾರದ ಅಭಾವಗಳು ಬಂದಾಗ ಅವಸರವೂ ಬಂತು. 1965ರಲ್ಲಿ ಗರ್ಭಾಶಯದೊಳಗೆ ಇರಿಸುವ ಲೂಪ್ ಸಾಧನವನ್ನು ದೇಶಾದ್ಯಂತ ಪ್ರಚಾರ ಮಾಡಲಾಯಿತು. ಹಾಕಿಸಿಕೊಂಡ ಅನೇಕರಿಗೆ ರಕ್ತಸ್ರಾವವಾಯಿತು. ಆಗ ವಿಚಾರಿಸುವವರು ಇರಲಿಲ್ಲ, ಹಾಗಾಗಿ ಲೂಪಿನ ಹೆಸರೇ ಕೆಟ್ಟಿತು. ಕೆಂಪು ತ್ರಿಕೋನ ಗೋಡೆ ಗೋಡೆಗಳ ಮೇಲೆ ಮೂಡಿತು. 1968ರಲ್ಲಿ “ನಿರೋಧ್” ಹದಿನೈದು ಪೈಸೆಗೆ ಮೂರರಂತೆ ಕಿರಾಣಿ ಅಂಗಡಿಗಳಿಗೂ ಬಂತು. 1971ರ ಜುಲೈಯಲ್ಲಿ ಕೇರಳದ ಎರ್ನಾಕುಳಂನ ಶಿಬಿರವೊಂದರಲ್ಲಿ 60 ಸಾವಿರಕ್ಕೂ ಹೆಚ್ಚು ಪುರುಷರಿಗೆ ವ್ಯಾಸೆಕ್ಟಮಿ ಶಸ್ತ್ರಚಿಕಿತ್ಸೆ ನಡೆಯಿತು. ಇಂಥ ಶಿಬಿರಗಳು ಯಶಸ್ಸಿನ ಮಾದರಿಯೆನಿಸಿದವು. ರಾಜ್ಯಕ್ಕೆ ಇಷ್ಟು, ಜಿಲ್ಲೆಗೆ ಇಷ್ಟು, ನೌಕರನಿಗೆ ಇಷ್ಟು ಎಂದು ಗುರಿ ಹಂಚುವ ಪದ್ಧತಿ ಗಟ್ಟಿಯಾಯಿತು.

ಗುರಿಯೆಂಬುದು ಆಡಳಿತದಲ್ಲಿ ಅಗತ್ಯವೇ. ಆದರೆ ಸಾಲ ವಸೂಲಿಯ ಗುರಿಗೂ ಮನುಷ್ಯನ ದೇಹದ ಮೇಲೆ ನಡೆಯುವ ಶಸ್ತ್ರಕ್ರಿಯೆಯ ಗುರಿಗೂ ವ್ಯತ್ಯಾಸವಿದೆ. ಅಂಕಿ ತುಂಬಲೇಬೇಕೆಂಬ ಒತ್ತಡ ಬಂದಾಗ ಕೆಳಗಿನ ನೌಕರ ಯಾರನ್ನಾದರೂ ತರುತ್ತಾನೆ. ಬೇಡವೆನ್ನಲು ಶಕ್ತಿಯಿಲ್ಲದವನನ್ನೇ ಮೊದಲು ತರುತ್ತಾನೆ.

1975ರಿಂದ 1977

ಈ ಅಪಾಯ ತುರ್ತು ಪರಿಸ್ಥಿತಿಯಲ್ಲಿ ನಿಜವಾಯಿತು. 1974ರಲ್ಲಿ ಬುಖಾರೆಸ್ಟಿನ ವಿಶ್ವ ಜನಸಂಖ್ಯಾ ಸಮ್ಮೇಳನದಲ್ಲಿ ಭಾರತದ ಆರೋಗ್ಯ ಸಚಿವ ಡಾ. ಕರಣ್ ಸಿಂಗ್ ಅವರು ಅಭಿವೃದ್ಧಿಯೇ ಅತ್ಯುತ್ತಮ ಸಂತಾನ ನಿರೋಧಕ ಎಂಬ ಅರ್ಥದ ಮಾತನ್ನಾಡಿ ಪ್ರಸಿದ್ಧರಾಗಿದ್ದರು. ಅವರೇ 1976ರ ಏಪ್ರಿಲಿನಲ್ಲಿ ಪ್ರಕಟಿಸಿದ ರಾಷ್ಟ್ರೀಯ ಜನಸಂಖ್ಯಾ ನೀತಿಯು, ಅಭಿವೃದ್ಧಿಗಾಗಿ ಕಾಯಲು ಸಮಯವಿಲ್ಲವೆಂದು ಸಾರಿ, ಕಡ್ಡಾಯ ಶಸ್ತ್ರಚಿಕಿತ್ಸೆಯ ಕಾನೂನನ್ನು ರಾಜ್ಯಗಳ ವಿವೇಚನೆಗೆ ಬಿಟ್ಟಿತು. ಮಹಾರಾಷ್ಟ್ರದ ವಿಧಾನಮಂಡಲವು ಮೂರು ಮಕ್ಕಳ ಅನಂತರ ಶಸ್ತ್ರಚಿಕಿತ್ಸೆಯನ್ನು ಕಡ್ಡಾಯಗೊಳಿಸುವ ಮಸೂದೆಯನ್ನು ಅಂಗೀಕರಿಸಿತು. ರಾಷ್ಟ್ರಪತಿಗಳ ಅಂಕಿತ ಬೀಳದ ಕಾರಣ ಅದು ಕಾನೂನಾಗಲಿಲ್ಲ.

ಕಾನೂನಿಲ್ಲದೆಯೇ ಬಲವಂತ ನಡೆಯಿತು. ಶಿಕ್ಷಕರ ಸಂಬಳ, ನೌಕರರ ಬಡ್ತಿ, ಬಡವರ ನಿವೇಶನ ಮೊದಲಾದವುಗಳಿಗೆ ಶಸ್ತ್ರಚಿಕಿತ್ಸೆಯ ಪ್ರಮಾಣಪತ್ರವನ್ನು ಗಂಟುಹಾಕಲಾಯಿತು. 1976ರ ನವೆಂಬರಿನಲ್ಲಿ ಹರಿಯಾಣದ ಉತ್ತಾವರ್ ಗ್ರಾಮವನ್ನು ಪೊಲೀಸರು ಸುತ್ತುವರಿದು ಗಂಡಸರನ್ನು ಹಿಡಿದೊಯ್ದರು. ಅನಂತರ ನೇಮಕವಾದ ಶಾ ಆಯೋಗದ ಮುಂದೆ ಬಂದ ಲೆಕ್ಕದಂತೆ, 1975ರಿಂದ 1977ರ ಎರಡು ವರ್ಷಗಳಲ್ಲಿ 67.4 ಲಕ್ಷದ ಗುರಿಗೆ ಪ್ರತಿಯಾಗಿ 1 ಕೋಟಿ 7 ಲಕ್ಷ ಶಸ್ತ್ರಚಿಕಿತ್ಸೆಗಳು ನಡೆದವು. ಅವಿವಾಹಿತರಿಗೂ ಶಸ್ತ್ರಚಿಕಿತ್ಸೆ ಮಾಡಲಾಯಿತೆಂಬ 548 ದೂರುಗಳು ದಾಖಲಾದವು. ಶಸ್ತ್ರಚಿಕಿತ್ಸೆಗೆ ಸಂಬಂಧಿಸಿದಂತೆ 1,774 ಸಾವುಗಳು ವರದಿಯಾದವು.

ಇಷ್ಟೆಲ್ಲ ಮಾಡಿ ಗಳಿಸಿದ್ದೇನು? 1976–77ರಲ್ಲಿ 81 ಲಕ್ಷ ದಾಟಿದ್ದ ಶಸ್ತ್ರಚಿಕಿತ್ಸೆಗಳ ಸಂಖ್ಯೆ ಮರುವರ್ಷ 10 ಲಕ್ಷಕ್ಕಿಂತ ಕೆಳಗಿಳಿಯಿತು. ಆಳುವ ಪಕ್ಷ ಚುನಾವಣೆಯಲ್ಲಿ ಸೋತಿತು. ಕಾರ್ಯಕ್ರಮದ ಹೆಸರನ್ನೇ “ಕುಟುಂಬ ಕಲ್ಯಾಣ” ಎಂದು ಬದಲಿಸಬೇಕಾಯಿತು. ಎಲ್ಲಕ್ಕಿಂತ ದೊಡ್ಡ ನಷ್ಟವೆಂದರೆ ಪುರುಷರ ಶಸ್ತ್ರಚಿಕಿತ್ಸೆಯ ಮೇಲಿನ ವಿಶ್ವಾಸ ಅಂದು ಹೋದದ್ದು ಮತ್ತೆ ಬರಲಿಲ್ಲ.

ನಿರ್ಬಂಧವೋ, ಅಭಿವೃದ್ಧಿಯೋ?

ನಿರ್ಬಂಧದ ಪರವಾದ ವಾದವನ್ನು ನ್ಯಾಯವಾಗಿ ಮಂಡಿಸಬೇಕು. ನೆಲ, ನೀರು, ಅರಣ್ಯಗಳು ಮಿತವಾದವು. ಒಂದು ಕುಟುಂಬದ ನಿರ್ಧಾರದ ಭಾರ ಇಡೀ ಸಮಾಜದ ಮೇಲೆ ಬೀಳುತ್ತದೆ. ಆದುದರಿಂದ ಸಮಾಜಕ್ಕೆ ನಿರ್ಬಂಧಿಸುವ ಹಕ್ಕಿದೆ ಎಂಬುದು ಅದರ ಸಾರ. ಇದನ್ನು ಆಚರಣೆಗೆ ತಂದ ದೇಶ ಚೀನಾ. 1980ರ ಹೊತ್ತಿಗೆ ಜಾರಿಗೆ ಬಂದ ಒಂದೇ ಮಗುವಿನ ನೀತಿ 2015ರವರೆಗೂ ಮುಂದುವರಿಯಿತು.

ಪ್ರತಿವಾದಕ್ಕೆ ಅಂಕಿಗಳ ಬಲವಿದೆ. ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಅವರು ಚೀನಾವನ್ನು ಕೇರಳದೊಂದಿಗೆ ಹೋಲಿಸಿ ತೋರಿಸಿದ್ದಾರೆ. 1979ರಿಂದ 1991ರ ಅವಧಿಯಲ್ಲಿ ಚೀನಾದ ಫಲವಂತಿಕೆಯ ದರ 2.8ರಿಂದ 2.0ಕ್ಕೆ ಇಳಿಯಿತು. ಅದೇ ಅವಧಿಯಲ್ಲಿ ಕೇರಳದ ದರ ಯಾವ ಬಲವಂತವೂ ಇಲ್ಲದೆ 3.0ರಿಂದ 1.8ಕ್ಕೆ ಇಳಿಯಿತು. ಹೆಣ್ಣುಮಕ್ಕಳ ಶಿಕ್ಷಣ, ಹತ್ತಿರದಲ್ಲಿರುವ ಆಸ್ಪತ್ರೆ, ಬದುಕಿ ಉಳಿಯುವ ಮಕ್ಕಳು, ಈ ಮೂರು ಅಲ್ಲಿ ಕೆಲಸ ಮಾಡಿದವು. ಇತ್ತ ಚೀನಾದಲ್ಲಿ ನಿರ್ಬಂಧವನ್ನು ಸಡಿಲಿಸಿ, 2021ರಲ್ಲಿ ಮೂರು ಮಕ್ಕಳಿಗೆ ಅನುಮತಿ ಕೊಟ್ಟ ಮೇಲೂ ತೊಟ್ಟಿಲುಗಳು ತುಂಬಲಿಲ್ಲ. 2022ರಿಂದ ಅಲ್ಲಿಯ ಜನಸಂಖ್ಯೆ ಇಳಿಯತೊಡಗಿತು. 2023ರಲ್ಲಿ ಭಾರತ ಅದನ್ನು ಮೀರಿತೆಂದು ಸಂಯುಕ್ತ ರಾಷ್ಟ್ರ ಸಂಸ್ಥೆ ಅಂದಾಜು ಮಾಡಿತು.

ಮಗು ಬದುಕುವ ಭರವಸೆ ಇಲ್ಲದಿರುವಲ್ಲಿ ತಾಯಿ ತಂದೆಯರು ಹೆಚ್ಚು ಮಕ್ಕಳನ್ನು ಬಯಸುವುದು ಅಜ್ಞಾನವಲ್ಲ, ಅದು ಅವರ ಮುಂಜಾಗ್ರತೆ. 1971ರಲ್ಲಿ ಭಾರತದಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ 129 ಶಿಶುಗಳು ವರ್ಷ ತುಂಬುವ ಮುನ್ನ ಸಾಯುತ್ತಿದ್ದವು. 2020ರ ಹೊತ್ತಿಗೆ ಆ ಸಂಖ್ಯೆ 28ಕ್ಕೆ ಇಳಿಯಿತು. ಇದರೊಡನೆಯೇ ಫಲವಂತಿಕೆಯ ದರವೂ ಇಳಿಯಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 1992–93ರಲ್ಲಿ 3.4 ಇದ್ದ ದರ 2019–21ರ ವೇಳೆಗೆ 2.0 ಆಯಿತು. ಕರ್ನಾಟಕದಲ್ಲಿ 1.7. ಅದೇ ಸಮೀಕ್ಷೆಯಲ್ಲಿ ಶಾಲೆಯ ಮೆಟ್ಟಿಲು ಹತ್ತದ ಸ್ತ್ರೀಯರಲ್ಲಿ ಈ ದರ 2.8, ಹನ್ನೆರಡು ವರ್ಷ ಅಥವಾ ಹೆಚ್ಚು ಓದಿದವರಲ್ಲಿ 1.8.

ಮತಧರ್ಮದ ಹೆಸರಿನಲ್ಲಿ ನಡೆಯುವ ವಾಗ್ವಾದಕ್ಕೂ ಇದೇ ಸಮೀಕ್ಷೆಯಲ್ಲಿ ಉತ್ತರವಿದೆ. 1992–93ರಿಂದ 2019–21ರ ನಡುವೆ ಹಿಂದೂಗಳ ದರ 3.3ರಿಂದ 1.9ಕ್ಕೂ, ಮುಸಲ್ಮಾನರ ದರ 4.4ರಿಂದ 2.4ಕ್ಕೂ ಇಳಿಯಿತು. ಹೆಚ್ಚು ಇಳಿಕೆ ಕಂಡದ್ದು ಎರಡನೆಯದರಲ್ಲಿ. ಉಳಿದ ಅಂತರವನ್ನು ಬಡತನ, ಶಿಕ್ಷಣ, ಪ್ರದೇಶಗಳನ್ನು ಬಿಟ್ಟು ವಿವರಿಸಲಾಗದು.

1994ರಲ್ಲಿ ಕೈರೋ ಸಮ್ಮೇಳನವು ಸಂಖ್ಯೆಯ ಗುರಿಯ ಬದಲು ಸ್ತ್ರೀಯ ಆರೋಗ್ಯ ಮತ್ತು ಹಕ್ಕುಗಳನ್ನು ಮುಂದಿಟ್ಟಿತು. ಭಾರತವೂ 1996ರಲ್ಲಿ ಮೇಲಿನಿಂದ ಹೇರುವ ಗುರಿಗಳನ್ನು ಕೈಬಿಟ್ಟಿತು. 2000ದ ರಾಷ್ಟ್ರೀಯ ಜನಸಂಖ್ಯಾ ನೀತಿ ಸ್ವಯಂಪ್ರೇರಣೆಯನ್ನೇ ತತ್ತ್ವವಾಗಿ ಒಪ್ಪಿತು. ಆದರೂ ಹಲವು ರಾಜ್ಯಗಳು ಎರಡಕ್ಕಿಂತ ಹೆಚ್ಚು ಮಕ್ಕಳಿರುವವರು ಪಂಚಾಯತಿ ಚುನಾವಣೆಗೆ ನಿಲ್ಲದಂತೆ ಕಾನೂನು ಮಾಡಿದವು. 2003ರಲ್ಲಿ ಸರ್ವೋಚ್ಚ ನ್ಯಾಯಾಲಯ ಹರಿಯಾಣದ ಇಂಥ ಕಾನೂನನ್ನು ಎತ್ತಿಹಿಡಿಯಿತು. ಸ್ಥಾನ ಉಳಿಸಿಕೊಳ್ಳಲು ಗರ್ಭಪಾತ, ಪತ್ನಿಯ ತ್ಯಾಗ, ಮಗುವನ್ನು ದತ್ತು ಕೊಡುವುದು ಇತ್ಯಾದಿಗಳು ನಡೆದುದನ್ನು ನಿರ್ಮಲಾ ಬುಚ್ ಅವರ ಅಧ್ಯಯನ ದಾಖಲಿಸಿತು. ಹರಿಯಾಣವೂ ಸೇರಿ ಕೆಲವು ರಾಜ್ಯಗಳು ಅನಂತರ ಆ ಕಾನೂನನ್ನು ಹಿಂತೆಗೆದುಕೊಂಡವು.

ಭಾರ ಯಾರ ಹೆಗಲ ಮೇಲೆ?

ಒಟ್ಟು ಅಂಕಿ ಸಮಾಧಾನಕರವಾಗಿದ್ದರೂ ಅದರೊಳಗಿನ ವಿವರ ಹಾಗಿಲ್ಲ. 2019–21ರ ಸಮೀಕ್ಷೆಯಂತೆ ವಿವಾಹಿತ ದಂಪತಿಗಳಲ್ಲಿ ನೂರಕ್ಕೆ ಸುಮಾರು 38ರಲ್ಲಿ ಪತ್ನಿಗೆ ಶಸ್ತ್ರಚಿಕಿತ್ಸೆಯಾಗಿದೆ. ಪತಿಗೆ ಆಗಿರುವುದು ಸಾವಿರಕ್ಕೆ ಮೂರರಲ್ಲಿ. ಕರ್ನಾಟಕದಲ್ಲಿಯಂತೂ ಅರ್ಧಕ್ಕಿಂತ ಹೆಚ್ಚು ವಿವಾಹಿತ ಸ್ತ್ರೀಯರು ಈ ಶಸ್ತ್ರಚಿಕಿತ್ಸೆಗೆ ಒಳಗಾದವರು. 1976–77ರಲ್ಲಿ ನಡೆದ ಶಸ್ತ್ರಚಿಕಿತ್ಸೆಗಳಲ್ಲಿ ಸುಮಾರು ಮುಕ್ಕಾಲು ಪಾಲು ಪುರುಷರದಾಗಿತ್ತು. ಆ ಬಲವಂತದ ಸಾಲವನ್ನು ಮುಂದಿನ ಎರಡು ಪೀಳಿಗೆಯ ಹೆಂಗಸರು ತೀರಿಸಿದರೆಂದರೆ ತಪ್ಪಾಗದು.

2014ರ ನವೆಂಬರಿನಲ್ಲಿ ಛತ್ತೀಸಗಢದ ಬಿಲಾಸಪುರ ಜಿಲ್ಲೆಯ ಶಿಬಿರವೊಂದರಲ್ಲಿ ಒಂದೇ ದಿನ 83 ಮಹಿಳೆಯರಿಗೆ ಶಸ್ತ್ರಚಿಕಿತ್ಸೆ ನಡೆಸಲಾಯಿತು. ಹತ್ತಕ್ಕೂ ಹೆಚ್ಚು ತಾಯಂದಿರು ಸತ್ತರು. 2016ರಲ್ಲಿ ದೇವಿಕಾ ಬಿಸ್ವಾಸ್ ಮೊಕದ್ದಮೆಯ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂಥ ಶಿಬಿರಗಳನ್ನು ಮೂರು ವರ್ಷಗಳೊಳಗೆ ನಿಲ್ಲಿಸುವಂತೆ ನಿರ್ದೇಶಿಸಿತು.

ಇನ್ನೊಂದು ಭಾರ ಹುಟ್ಟದೆ ಹೋದ ಹೆಣ್ಣುಮಕ್ಕಳದು. ಕುಟುಂಬ ಚಿಕ್ಕದಾಗಲಿ, ಆದರೆ ಅದರಲ್ಲಿ ಮಗನಿರಲೇಬೇಕು ಎಂಬ ಆಸೆ ಗರ್ಭಪರೀಕ್ಷೆಯ ಯಂತ್ರದೊಡನೆ ಸೇರಿದಾಗ ಅನಾಹುತವಾಯಿತು. ಆರು ವರ್ಷದೊಳಗಿನ ಮಕ್ಕಳಲ್ಲಿ ಸಾವಿರ ಗಂಡಿಗೆ 1961ರಲ್ಲಿ 976 ಹೆಣ್ಣುಮಕ್ಕಳಿದ್ದರು. 2001ರಲ್ಲಿ ಇದ್ದವರು 927. ಲಿಂಗ ಪತ್ತೆಯನ್ನು 1994ರ ಕಾನೂನು ನಿಷೇಧಿಸಿದ್ದರೂ ಸುಶಿಕ್ಷಿತರ, ಅನುಕೂಲವಂತರ ಬಡಾವಣೆಗಳೂ ಈ ಪಾಪದಿಂದ ಮುಕ್ತವಾಗಿರಲಿಲ್ಲ. “ಆರತಿಗೊಬ್ಬಳು, ಕೀರ್ತಿಗೊಬ್ಬ” ಎಂಬ ಜನಪ್ರಿಯ ಮಾತನ್ನು ಒಪ್ಪುವಾಗಲೂ, ಕೀರ್ತಿ ಮಗನಿಂದ ಮಾತ್ರವೇ ಎಂದು ಕೇಳಿಕೊಳ್ಳುವುದು ಒಳಿತು.

ಮಿತಿ ಪಾಲಿಸಿದವರಿಗೆ ದಂಡವೇ?

ಇತ್ತೀಚಿನ ವಾಗ್ವಾದ ಬೇರೊಂದು ರೂಪ ತಳೆದಿದೆ. ಜನಸಂಖ್ಯೆಯನ್ನು ಹಿಡಿತಕ್ಕೆ ತಂದ ರಾಜ್ಯಗಳಿಗೆ ನಷ್ಟವಾಗಬಾರದೆಂದು 1976ರ 42ನೆಯ ಸಂವಿಧಾನ ತಿದ್ದುಪಡಿಯು ಲೋಕಸಭೆಯಲ್ಲಿ ರಾಜ್ಯಗಳ ಸ್ಥಾನಗಳನ್ನು 1971ರ ಜನಗಣತಿಯ ಆಧಾರದಲ್ಲಿ ಸ್ಥಗಿತಗೊಳಿಸಿತು. 84ನೆಯ ತಿದ್ದುಪಡಿ ಆ ಸ್ಥಗಿತವನ್ನು 2026ರ ಅನಂತರದ ಮೊದಲ ಜನಗಣತಿಯವರೆಗೆ ವಿಸ್ತರಿಸಿತು. ಒಬ್ಬ ಪ್ರಜೆಗೆ ಒಂದು ಮತ, ಪ್ರತಿ ಮತಕ್ಕೂ ಸಮಾನ ಬೆಲೆ ಎಂಬ ತತ್ತ್ವ ಒಂದು ಕಡೆ, ರಾಷ್ಟ್ರೀಯ ನೀತಿಯನ್ನು ನಿಷ್ಠೆಯಿಂದ ಪಾಲಿಸಿದ ರಾಜ್ಯದ ಧ್ವನಿ ಕುಗ್ಗಬಾರದೆಂಬ ನ್ಯಾಯ ಇನ್ನೊಂದು ಕಡೆ. ಎರಡೂ ತಳ್ಳಿಹಾಕುವಂಥವಲ್ಲ.

ಹಣದ ಹಂಚಿಕೆಯಲ್ಲೂ ಇದೇ ಕಥೆ. 15ನೆಯ ಹಣಕಾಸು ಆಯೋಗ 1971ರ ಬದಲು 2011ರ ಜನಸಂಖ್ಯೆಯನ್ನು ಆಧಾರವಾಗಿ ತೆಗೆದುಕೊಂಡಿತು. ಮಿತಿ ಸಾಧಿಸಿದ ರಾಜ್ಯಗಳಿಗೆ ಅನ್ಯಾಯವಾಗದಿರಲೆಂದು ಜನಸಂಖ್ಯಾ ಸಾಧನೆಗೆ ಶೇಕಡಾ 12.5ರ ತೂಕವನ್ನು ಕೊಟ್ಟಿತು. ಆದರೂ ರಾಜ್ಯಗಳಿಗೆ ಹಂಚುವ ಪ್ರತಿ ನೂರು ರೂಪಾಯಿಯಲ್ಲಿ ಕರ್ನಾಟಕದ ಪಾಲು, ಹಿಂದಿನ ಆಯೋಗದ 4 ರೂಪಾಯಿ 71 ಪೈಸೆಯಿಂದ 2021–26ರ ಅವಧಿಗೆ 3 ರೂಪಾಯಿ 65 ಪೈಸೆಗೆ ಇಳಿಯಿತು. ತಲಾ ಆದಾಯದ ಅಂತರ ಈ ಇಳಿಕೆಯಲ್ಲಿ ದೊಡ್ಡ ಪಾತ್ರ ವಹಿಸಿತೆಂಬುದನ್ನೂ ಹೇಳಬೇಕು.

2024ರಲ್ಲಿ ಆಂಧ್ರಪ್ರದೇಶ ಮತ್ತು ತಮಿಳುನಾಡಿನ ಮುಖ್ಯಮಂತ್ರಿಗಳು ಹೆಚ್ಚು ಮಕ್ಕಳನ್ನು ಪಡೆಯುವ ಮಾತನ್ನು ಬಹಿರಂಗವಾಗಿ ಆಡಿದರು. ಅದೇ ವರ್ಷ ಆಂಧ್ರಪ್ರದೇಶವು ಸ್ಥಳೀಯ ಚುನಾವಣೆಗಳ ಎರಡು ಮಕ್ಕಳ ನಿಬಂಧನೆಯನ್ನು ರದ್ದುಪಡಿಸಿತು. ನಿನ್ನೆ ಕಡಿಮೆ ಹೆರು ಎಂದವರು ಇಂದು ಹೆಚ್ಚು ಹೆರು ಎನ್ನುವಾಗಲೂ, ಹೆರುವವಳನ್ನು ಕೇಳುವ ಪದ್ಧತಿ ಎರಡು ಕಡೆಯೂ ಇಲ್ಲದಿರುವುದು ಗಮನಾರ್ಹ. ವೃದ್ಧರ ಸಂಖ್ಯೆ ಏರುತ್ತಿರುವುದಂತೂ ನಿಜ. 2011ರಲ್ಲೇ 60 ದಾಟಿದವರು 10 ಕೋಟಿಗೂ ಮಿಕ್ಕಿದ್ದರು. ಇದಕ್ಕೆ ಪಿಂಚಣಿ, ವೈದ್ಯಕೀಯ ಸೌಲಭ್ಯ, ಉಳಿತಾಯಗಳು ಉತ್ತರವಾಗಬೇಕು. ಮಕ್ಕಳ ಮೇಲೆ ಮತ್ತೆ ಗುರಿ ಹೇರುವುದು ಉತ್ತರವಲ್ಲ.

ಕುಟುಂಬಗಳು ತಿಳಿದಿರಬೇಕಾದ ಸಂಗತಿಗಳು

ನೀತಿಯ ಚರ್ಚೆ ಹೇಗೇ ಇರಲಿ, ಕೊನೆಯ ನಿರ್ಧಾರ ಮನೆಯೊಳಗೆ ನಡೆಯುತ್ತದೆ. ಆದುದರಿಂದ ಕೆಲವು ವಿಷಯಗಳು ಸ್ಪಷ್ಟವಾಗಿರಬೇಕು.

ಒಂದು, ಒಂದು ಹೆರಿಗೆಯಾದ ಮೇಲೆ ಮತ್ತೆ ಗರ್ಭ ಧರಿಸಲು ಕನಿಷ್ಠ ಎರಡು ವರ್ಷದ ಅಂತರವಿರುವುದು ತಾಯಿಗೂ ಮಗುವಿಗೂ ಕ್ಷೇಮ.

ಎರಡು, ಪುರುಷರ ಶಸ್ತ್ರಚಿಕಿತ್ಸೆ ಸ್ತ್ರೀಯರದಕ್ಕಿಂತ ಸರಳ ಮತ್ತು ನಿರಪಾಯಕರ. ಹೊಟ್ಟೆಯನ್ನು ತೆರೆಯಬೇಕಿಲ್ಲ. ಹೊಸ ವಿಧಾನದಲ್ಲಿ ಹೊಲಿಗೆಯೂ ಬೇಕಿಲ್ಲ. ಇದರಿಂದ ಪುರುಷತ್ವವಾಗಲಿ, ದುಡಿಯುವ ಶಕ್ತಿಯಾಗಲಿ ಕುಂದುವುದಿಲ್ಲ. ಆದರೆ ಫಲ ಕೂಡಲೇ ದೊರೆಯದು. ಮೂರು ತಿಂಗಳ ಕಾಲ ಬೇರೆ ಸಾಧನ ಬಳಸಿ, ವೀರ್ಯಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು.

ಮೂರು, ಶಸ್ತ್ರಚಿಕಿತ್ಸೆಯೊಂದೇ ದಾರಿಯಲ್ಲ. ವಂಕಿ ಎಂದು ಜನ ಕರೆಯುವ ಕಾಪರ್-ಟಿ, ಮಾಲಾ ಮಾತ್ರೆ, ಮೂರು ತಿಂಗಳಿಗೊಮ್ಮೆ ಪಡೆಯುವ ಅಂತರಾ ಚುಚ್ಚುಮದ್ದು, ಲಖನೌದ ಕೇಂದ್ರೀಯ ಔಷಧ ಸಂಶೋಧನಾಲಯದಲ್ಲಿ ರೂಪುಗೊಂಡ ಛಾಯಾ ಮಾತ್ರೆ, ನಿರೋಧ್ ಇವೆಲ್ಲವೂ ಸರಕಾರೀ ಆರೋಗ್ಯ ವ್ಯವಸ್ಥೆಯಲ್ಲಿ ಉಚಿತವಾಗಿ ಸೇರಿವೆ. ಅಧಿಕ ರಕ್ತದೊತ್ತಡ ಉಳ್ಳವರು ವೈದ್ಯರನ್ನು ಕೇಳದೆ ಮಾತ್ರೆ ಸೇವಿಸಬಾರದು. ಸಾಧನ ಒಗ್ಗದಿದ್ದರೆ ಬದಲಿಸುವ ಹಕ್ಕು ಸ್ತ್ರೀಗೆ ಇದೆ.

ನಾಲ್ಕು, ಯಾವ ಕಾಗದಕ್ಕೂ ಓದದೆ, ಓದಿಸಿಕೊಳ್ಳದೆ ಸಹಿ ಅಥವಾ ಹೆಬ್ಬೆಟ್ಟು ಹಾಕಬಾರದು. ಕನ್ನಡ ಮಾತ್ರ ಬಲ್ಲ ಕೂಲಿಕಾರ ಹೆಣ್ಣುಮಗಳು ಮರಾಠಿ, ಹಿಂದಿ ಅಥವಾ ಇಂಗ್ಲಿಷಿನ ಒಪ್ಪಿಗೆ ಪತ್ರದ ಮುಂದೆ ನಿಂತಾಗ ಅವಳ ಒಪ್ಪಿಗೆಗೆ ಏನು ಬೆಲೆ? ಮಹಾನಗರದ ಕನ್ನಡ ಸಂಘಗಳು ಮಾಡಬಹುದಾದ ಸೇವೆ ಇಲ್ಲಿದೆ. ವರ್ಷಕ್ಕೊಮ್ಮೆ ರಾಜ್ಯೋತ್ಸವ ಆಚರಿಸುವವರಲ್ಲಿ ನಾಲ್ಕಾರು ಮಂದಿಯಾದರೂ ವಾರಕ್ಕೊಮ್ಮೆ ನಗರಪಾಲಿಕೆಯ ಹೆರಿಗೆ ಆಸ್ಪತ್ರೆಗೆ ಹೋಗಿ, ಆ ಕಾಗದದಲ್ಲಿ ಏನಿದೆ ಎಂಬುದನ್ನು ಆಕೆಗೆ ಆಕೆಯ ನುಡಿಯಲ್ಲಿ ಓದಿ ಹೇಳಿದರೆ ಸಾಕು.

1930ರ ಮೈಸೂರಿನ ಚಿಕಿತ್ಸಾಲಯದಿಂದ ಇಂದಿನವರೆಗಿನ ಈ ದೀರ್ಘ ಲೆಕ್ಕವನ್ನು ಕೂಡಿ ಕಳೆದು ನೋಡಿದಾಗ ಉಳಿಯುವ ಶಿಲ್ಕು ಒಂದೇ. ತಾಯಿಗೆ ಅಕ್ಷರ, ಮಗುವಿಗೆ ಆಯುಸ್ಸು, ಇಬ್ಬರಿಗೂ ಹತ್ತಿರದಲ್ಲೊಂದು ಆಸ್ಪತ್ರೆ ದೊರೆತ ಕಡೆಗಳಲ್ಲೆಲ್ಲ ಕುಟುಂಬ ತಾನಾಗಿ ಚಿಕ್ಕದಾಗಿದೆ. ಬೆದರಿಸಿ ಪಡೆದ ಅಂಕಿ ಮಾತ್ರ ಮರುವರ್ಷವೇ ಖರ್ಚಿನ ಕಲಮಿಗೆ ಬಿದ್ದಿದೆ.